'ಅರ್ಧ ಕರೆಂಟ್' ಹೀಟರ್ ಅಂತ ಮಾರುತ್ತಿದ್ದಾರೆ, ನಂಬಬೇಡಿ

ಬೀದರ್‌ನವರೇ, ಗೋಡೆಯ ಬುಡಕ್ಕೆ ಕೂರಿಸುವ ಉದ್ದನೆಯ ಹೀಟರ್ ಬಂದಿದೆ, ಬೇಸ್‌ಬೋರ್ಡ್ ಹೀಟರ್ ಅಂತ. ಅರ್ಧ ಕರೆಂಟ್, ಡಬಲ್ ಶಾಖ ಅಂತ ಹೇಳಿ ಮಾರುತ್ತಿದ್ದಾರೆ. ಸುಳ್ಳು. ಶುದ್ಧ ಸುಳ್ಳು.

ನಮ್ಮ ಊರಿನ ಚಳಿ ಗೊತ್ತೇ ಇದೆ. ಡಿಸೆಂಬರ್, ಜನವರಿಯಲ್ಲಿ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ. ಶಹಾಬಾದ್ ಕಲ್ಲಿನ ನೆಲ ಬೇರೆ. ಅವ್ವನಿಗೆ ಮೊಣಕಾಲು ನೋವು, ಅದಕ್ಕೇ ಹೀಟರ್ ತರಲು ಹೋಗಿದ್ದು. ಸಾದಾ ರಾಡ್ ಹೀಟರ್ ಕೇಳಿದರೆ ಅಂಗಡಿಯವನು ಅದನ್ನು ಕೆಳಗೇ ಇಳಿಸಲಿಲ್ಲ. "ಅದು ಹಳೇದ್ ಸರ್. ಇದು ನೋಡ್ರಿ, ಫಾರಿನ್ ಟೈಪ್. ಎಂಟುನೂರ್ ವ್ಯಾಟ್ ಅಷ್ಟೇ ಎಳೀತದ, ಶಾಖ ಎರಡ್ ಸಾವಿರದ್ದು ಕೊಡ್ತದ" ಅಂದ. ಮುಂದಿನ ಸ್ಟಿಕ್ಕರ್ ಮೇಲೂ 800 ಅಂತಲೇ ಇತ್ತು. ₹6,500 ಕೊಟ್ಟೆ. ದೊಡ್ಡ ಪಿನ್ ಇದೆಯಲ್ಲ, ಅವ್ವನ ಕೋಣೆಯಲ್ಲಿ ಪವರ್ ಪ್ಲಗ್ ಇಲ್ಲ ಅಂದೆ. "ಟೆನ್ಶನ್ ಯಾಕ್ ಸರ್, ಕನ್ವರ್ಟರ್ ಫ್ರೀ ಕೊಡ್ತೀನಿ."

ಆ ಫ್ರೀ ಕನ್ವರ್ಟರೇ ಸುಟ್ಟಿದ್ದು. ನಡುರಾತ್ರಿ ಪ್ಲಾಸ್ಟಿಕ್ ವಾಸನೆ. ಸಾಕೆಟ್ ಕರಗಿ ಕಪ್ಪಾಗಿತ್ತು. ಪಕ್ಕದಲ್ಲೇ ಅವ್ವ ಮಲಗಿದ್ದಳು. ಪಕ್ಕದಲ್ಲೇ!

ಬೆಳಿಗ್ಗೆ ಓಣಿಯ ಎಲೆಕ್ಟ್ರಿಷಿಯನ್ ಹುಡುಗ ಬಂದು ಹೀಟರ್ ತಿರುಗಿಸಿದ. ಗೋಡೆ ಕಡೆ ಸಣ್ಣ ತಗಡಿನ ಪಟ್ಟಿ. 230 ವೋಲ್ಟ್, 2000 ವ್ಯಾಟ್. ನನ್ನ ಮುಖ ನೋಡಿ ನಕ್ಕ. "ಕಾಕಾ, ಇದು ಒಂಬತ್ತು ಆಂಪಿಯರ್ ಹತ್ತಿರ ಎಳೀತದ. ನಿಮ್ದು ಆರು ಆಂಪಿಯರ್ ಸಾಕೆಟ್. ಕರಗಲಾರ್ದ ಏನ್ ಮಾಡ್ತದ?" ಓಣಿ ಜನ ಬಾಗಿಲಲ್ಲಿ ನಿಂತಿದ್ದರು. ಮರ್ಯಾದೆ ಹೋಯಿತು. ಮುಂದಿನ ಸ್ಟಿಕ್ಕರ್ ಉಗುರು ಹಾಕಿದ ಕೂಡಲೇ ಕಿತ್ತು ಬಂತು. ಮೇಲಿಂದ ಅಂಟಿಸಿದ್ದು!

ಅಂಗಡಿಯವನಿಗೆ ಫೋನ್ ಮಾಡಿದರೆ ಅವನ ಉತ್ತರ ಕೇಳಿ. "ನಿಮ್ಮ ಮನಿ ವೈರಿಂಗ್ ಹಳೇದ್ ಅದ." ವ್ಯಾಟ್ ಸುಳ್ಳಲ್ವಾ ಅಂದೆ. "ಅದು ಆವರೇಜ್ ಸರ್. ಕೋಣೆ ಬಿಸಿಯಾದ್ರ ಥರ್ಮೋಸ್ಟಾಟ್ ತಾನೇ ಬಂದ್ ಆಗ್ತದಲ್ಲ, ಲೆಕ್ಕ ಹಾಕಿದ್ರ 800 ಬರ್ತದ." ಆವರೇಜ್ ಅಂತೆ! ಈ ಹೀಟರ್‌ಗೆ ಫ್ಯಾನ್ ಇಲ್ಲ. ತಣ್ಣನೆ ಗಾಳಿ ಕೆಳಗಿಂದ ಹೋಗಿ ಬಿಸಿಯಾಗಿ ಮೇಲೇರುತ್ತದೆ. ಬಿಗಿಯಾಗಿ ಮುಚ್ಚಿದ ಅಮೆರಿಕ, ಕೆನಡಾ ಮನೆಗಳಿಗೆ ಅದು ಸರಿ. ನಮ್ಮದು ಎತ್ತರದ ಮಾಳಿಗೆ, ಬಿಸಿ ಎಲ್ಲ ವೆಂಟಿಲೇಟರ್‌ನಿಂದ ಹೊರಗೆ. ಥರ್ಮೋಸ್ಟಾಟ್ ಬಂದ್ ಆಗೋದೇ ಇಲ್ಲ. "ಹಂಗಾದ್ರ ವೆಂಟಿಲೇಟರ್ ಮುಚ್ರಿ" ಅಂದ. ಸುಟ್ಟ ಕನ್ವರ್ಟರ್? "ಫ್ರೀ ಐಟಂಗೆ ವಾರಂಟಿ ಇರಲ್ಲ." ಪಕ್ಕಾ ಬಿಲ್? "ಬಿಲ್ ಬೇಕಂದ್ರ ರೇಟ್ ಜಾಸ್ತಿ ಅಂತ ಅವತ್ತೇ ಹೇಳೀನಲ್ರಿ." ಹೇಳಿಲ್ಲ! ಕೈಗೆ ಕೊಟ್ಟಿದ್ದು ಕಚ್ಚಾ ಚೀಟಿ. ಆಮೇಲೆ ವಾಟ್ಸಾಪ್‌ನಲ್ಲಿ ಬರೀ ನೀಲಿ ಟಿಕ್.

ಕರೆಂಟ್ ಬಿಲ್ ಕಥೆ ಬೇರೆ. 2000 ವ್ಯಾಟ್ ಅಂದ್ರೆ ಗಂಟೆಗೆ 2 ಯೂನಿಟ್. ರಾತ್ರಿ 8 ತಾಸು ಹಚ್ಚಿದರೆ 16. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಸೊನ್ನೆ ಬಿಲ್ ಬರುತ್ತಿದ್ದ ಮನೆ ನಮ್ಮದು.

ರಾಡ್ ಇರಲಿ, ಆಯಿಲ್ ಇರಲಿ, ಬೇಸ್‌ಬೋರ್ಡ್ ಇರಲಿ, ಒಂದು ಯೂನಿಟ್ ಕರೆಂಟ್‌ಗೆ ಒಂದೇ ಯೂನಿಟ್ ಶಾಖ. (ಬಿಸಿ ಗಾಳಿ ಕೊಡುವ ಎಸಿ ಮಾತು ಬೇರೆ, ಅದು ಹೊರಗಿನ ಶಾಖ ಎಳೆದು ತರುತ್ತದೆ.) ಅರ್ಧ ಕರೆಂಟ್ ಅಂದವನ ಅಂಗಡಿಯಿಂದ ಎದ್ದು ಬನ್ನಿ. ಹಿಂದಿನ ಪಟ್ಟಿ ಓದಿ, ಐಎಸ್‌ಐ ಗುರುತು ನೋಡಿ, 16 ಆಂಪಿಯರ್ ಸಾಕೆಟ್ ಇಲ್ಲದಿದ್ದರೆ ತರಲೇಬೇಡಿ. ಪರದೆ, ಚಾದರ ದೂರ ಇರಲಿ. ಪಕ್ಕಾ ಬಿಲ್ ಬಿಡಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದು ಗೊತ್ತಾದ ಮೇಲೆ ಅವನ ಮೆಸೇಜ್ ಬಂತು: "ಬೇರೆ ಮಾಡೆಲ್ ಕೊಡ್ತೀನಿ ಸರ್, ಮ್ಯಾಲ ಐನೂರು ಕೊಡ್ರಿ." ಐನೂರು ನಾನೇ ಕೊಡಬೇಕಂತೆ! ಒಪ್ಪಿಲ್ಲ. ನನ್ನ ರೊಕ್ಕ ವಾಪಸ್ ಬೇಕು, ಸಾಕೆಟ್ ಖರ್ಚೂ ಸೇರಿಸಿ.