ಮಲ್ನಾಡ್ ರಸ್ತೆ ಕೆಲ್ಸಕ್ಕೆ ಕೋರ್ ಕಟರ್ರೋ, ಮರಳೋ, ನ್ಯೂಕ್ಲಿಯರ್ ಗೇಜೋ?

ರೋಲರ್ ಹೊಡೆದ್ಮೇಲೆ ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ (ಡೆನ್ಸಿಟಿ) ಅಂತ ಸೈಟಲ್ಲೇ ನೋಡೋಕೆ ಈ ಮೂರು ದಾರಿ. ತೀರ್ಥಹಳ್ಳಿ ಹೊಸನಗರ ಕಡೆ ಕೆಲ್ಸ ಅಂದ್ರೆ ಕೋರ್ ಕಟರ್ (ನೆಲಕ್ಕೆ ಹೊಡೆದು ಮಣ್ಣು ತೆಗೆಯೋ ಉಕ್ಕಿನ ಕೊಳವೆ) ಆಸೆ ಬಿಟ್ಬಿಡಿ, ಜಂಬಿಟ್ಟಿಗೆ ಗರಸಲ್ಲಿ ಹೊಡೆದ್ರೆ ಅಂಚು ಮಡಚ್ಕೊಳತ್ತೆ ಅಷ್ಟೆ. ಅದೇನಿದ್ರೂ ಕಲ್ಲಿಲ್ಲದ ಮೆತ್ತನೆ ಮಣ್ಣಿಗೆ.

ಮರಳಿಂದು ಅಂದ್ರೆ ಸ್ಯಾಂಡ್ ರಿಪ್ಲೇಸ್‌ಮೆಂಟ್, ಗುಂಡಿ ತೋಡಿ ಮಣ್ಣು ತೂಗಿ, ಗುಂಡಿ ತುಂಬೋಕೆ ಎಷ್ಟು ಮರಳು ಹಿಡೀತು ಅನ್ನೋದ್ರಿಂದ ಅದರ ಅಳತೆ ತೆಗೆಯೋದು. ಇದನ್ನ ಎಲ್ಲ ಇಂಜಿನಿಯರೂ ಒಪ್ತಾರೆ, ಸಾಮಾನೂ ಅಗ್ಗ. ಆದ್ರೆ ಮರಳು ಪೂರ್ತಿ ಒಣಗಿರ್ಬೇಕು, ಜುಲೈನಲ್ಲಿ ಆಗುಂಬೆ ಹತ್ರ ಅದನ್ನ ಒಣಗಿಸಿಡೋದೇ ದೊಡ್ಡ ಕೆಲ್ಸ (ಡಬ್ಬದ ಮುಚ್ಚಳ ಬಿಗಿಯಾಗಿರ್ಲಿ), ಇನ್ನು ಪಕ್ಕದಲ್ಲೇ ರೋಲರ್ ಓಡ್ತಿದ್ರೆ ಆ ವೈಬ್ರೇಷನ್‌ಗೆ ಮರಳು ಕುಸಿದು ಗುಂಡಿಗೆ ಜಾಸ್ತಿ ಇಳಿದು, ಗುಂಡಿ ದೊಡ್ಡದು ಅಂತ ಲೆಕ್ಕ ಬಂದು, ಚೆನ್ನಾಗಿ ಕೂತಿರೋ ಮಣ್ಣೂ ಫೇಲ್ ಅಂತ ಬರ್ಬೋದು. ರೋಲರ್ ನಿಲ್ಸಿ ಟೆಸ್ಟ್ ಮಾಡಿ.

ನ್ಯೂಕ್ಲಿಯರ್ ಗೇಜ್ (ವಿಕಿರಣದಿಂದ ಅಳೆಯೋ ಯಂತ್ರ) ಸಖತ್ ಸ್ಪೀಡು, ಕೆಲವೇ ನಿಮಿಷದಲ್ಲಿ ಡೆನ್ಸಿಟಿ, ತೇವ ಎರಡೂ. ಆದ್ರೆ ಒಳಗೆ ವಿಕಿರಣ ಸೂಸೋ ಸೀಸಿಯಂ-137 ಇರೋದ್ರಿಂದ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸು, ಟ್ರೇನಿಂಗ್ ಆದ ಜನ, ಬೀಗ ಹಾಕಿಡೋ ಜಾಗ... ದಿನಾ ಹತ್ತಾರು ಪಾಯಿಂಟ್ ಇರೋ ಹೈವೇ ಕೆಲ್ಸಕ್ಕೆ ಸರಿ, ಪಂಚಾಯ್ತಿ ರಸ್ತೆಗೆ ನಾನಂತೂ ಮರಳೇ ಅಂತೀನಿ. ಇನ್ನೊಂದು, ಅದು ತೇವ ಅಂತ ಲೆಕ್ಕ ಹಾಕೋದು ಹೈಡ್ರೋಜನ್ನನ್ನ, ಖನಿಜದೊಳಗೇ ಕಟ್ಕೊಂಡಿರೋ ನೀರೂ ಅದ್ರಲ್ಲಿ ಸೇರ್ಕೊಳತ್ತೆ, ಓವನ್‌ನಲ್ಲಿ ಒಣಗಿಸಿ ಬಂದ ಲೆಕ್ಕದ ಜೊತೆ ತಾಳೆ ನೋಡ್ದೆ ನಂಬ್ಬೇಡಿ. ಡಾಂಬರಿನ ಡೆನ್ಸಿಟಿಗೂ ಅಷ್ಟೆ, ಕೋರ್ (ರಸ್ತೆಯಿಂದ ಕೊರೆದ ಡಾಂಬರು ತುಂಡು) ತೆಗೆದು ಗೇಜ್ ಹೊಂದಿಸ್ಕೋಬೇಕು.

ಬರೀ ತೇವಕ್ಕಾದ್ರೆ ಓವನ್ 105-110 ಡಿಗ್ರಿ, ಉತ್ತರ ನಾಳೆ. ಕಾರ್ಬೈಡ್ ಮೀಟರ್ (ಒದ್ದೆ ಮಣ್ಣಿಗೆ ಕಾರ್ಬೈಡ್ ಪುಡಿ ಸೇರಿಸಿ, ಬರೋ ಗ್ಯಾಸಿನ ಒತ್ತಡದಿಂದ ತೇವ ಅಳೆಯೋದು) ಸೈಟಲ್ಲೇ ಹೇಳತ್ತೆ, ಆದ್ರೆ ಡಯಲ್ 20 ತೋರಿಸಿದ್ರೆ ಅದು ಒದ್ದೆ ತೂಕದ ಮೇಲಿನ ಪರ್ಸೆಂಟು, ಒಣ ತೂಕಕ್ಕೆ 25 ಆಗತ್ತೆ, ರಿಜಿಸ್ಟರ್ ಬರೆಯೋ ಹುಡುಗ್ರು ಇದನ್ನೇ ಮರೆಯೋದು.