ಕೈಗೆ ಹಾಕಿ ತೋರಿಸಿ ‘ನೋವಾಗಲ್ಲ’ ಅಂದರೆ ನಂಬಬೇಡಿ

ಇದನ್ನು ಬರೆಯೋಕೆ ನಾಚಿಕೆಯಾಗುತ್ತಿದೆ. ದುಡ್ಡು ಹೋಗಿದ್ದಕ್ಕಲ್ಲ. ಮೋಸ ಹೋದ ದಿನವೇ ನಾನೇ ಮುಂದೆ ನಿಂತು, ನಮ್ಮ ನಾಯಿಗೆ ಮುಳ್ಳು ಕಾಲರ್ ಹಾಕಿದ ಟ್ರೈನರ್‌ನನ್ನು ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ಹೊಗಳಿದೆ. ನನ್ನ ಮಾತು ನಂಬಿ ಇನ್ನೆರಡು ಮನೆಯವರು ಅಡ್ವಾನ್ಸ್ ಕೊಟ್ಟರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ನಾಯಿ ಬೆಲ್ಲ. ಬೆಲ್ಲದ ಬಣ್ಣ, ಅದಕ್ಕೇ ಆ ಹೆಸರು (ಗಂಡು ನಾಯಿ, ಇಂಗ್ಲಿಷ್ ಬೆಲ್ಲಾ ಅಲ್ಲ, ಎಲ್ಲರೂ ಕೇಳ್ತಾರೆ). ಬನಶಂಕರಿಯಲ್ಲಿ ಮಳೆ ನೀರಿನ ಮೋರಿ ಹತ್ತಿರ ಸಿಕ್ಕ ಬೀದಿ ಮರಿ, ಈಗ ಎರಡೂವರೆ ವರ್ಷ. ಅವನ ಸಮಸ್ಯೆ ಒಂದೇ. ಇನ್ನೊಂದು ನಾಯಿ ಕಂಡರೆ ಬೊಗಳುತ್ತಾ ಎಳೆದುಕೊಂಡು ಓಡುತ್ತಿದ್ದ. ಕಚ್ಚೋಕಲ್ಲ, ಮೂಸೋಕೆ, ಆಟಕ್ಕೆ. ಒಂದು ದಿನ ಪಾರ್ಕಿನ ಗೇಟಿನ ಹತ್ತಿರ ಅಮ್ಮನನ್ನು ಎಳೆದು ಬೀಳಿಸಿಬಿಟ್ಟ. ಅಮ್ಮನಿಗೆ 62. ಮಂಡಿ ತರಚಿತು ಅಷ್ಟೇ, ಆದರೆ ನನಗೆ ಕೈಕಾಲು ನಡುಗಿತು. ಅವತ್ತು ರಾತ್ರಿಯೇ ಟ್ರೈನರ್ ಹುಡುಕಿದೆ.

ಮಾಮೂಲಿ ಗೊತ್ತಲ್ಲ. ಮೊದಲ ಸಲ ಬಂದು ನೋಡೋದು ಫ್ರೀ. ಆಮೇಲೆ ಪ್ಯಾಕೇಜ್. 12 ಸೆಷನ್‌ಗೆ 15,000, ಪೂರ್ತಿ ಈಗಲೇ ಹಾಕಿದರೆ ಎರಡು ಸೆಷನ್ ಜಾಸ್ತಿ. ನಿಂತ ಜಾಗದಲ್ಲೇ ಸ್ಕ್ಯಾನ್ ಮಾಡಿ ಹಾಕಿದೆ. ಎಲ್ಲಿ ಕಲಿತಿರಿ ಅಂತ ಕೇಳಿದ್ದಕ್ಕೆ ಯಾವುದೋ ವರ್ಕ್‌ಶಾಪಿನ ಗ್ರೂಪ್ ಫೋಟೊ ತೋರಿಸಿದ. ಅಷ್ಟಕ್ಕೇ ಸುಮ್ಮನಾದೆ.

ಎರಡನೇ ಸೆಷನ್‌ಗೆ ಬಂದಾಗ ಬ್ಯಾಗಿನಿಂದ ಝಣ್ ಅಂತ ಒಂದು ಸರಪಳಿ ತೆಗೆದ. ಪ್ರಾಂಗ್ ಕಾಲರ್. ನೋಡದವರಿಗೆ ಹೇಳುತ್ತೇನೆ: ಲೋಹದ ಕೊಂಡಿಗಳ ಮಾಲೆ, ಒಂದೊಂದು ಕೊಂಡಿಗೂ ಎರಡೆರಡು ಬಾಗಿದ ಕಡ್ಡಿ, ತುದಿ ಎಲ್ಲ ಒಳಮುಖ. ಲೀಶ್ ಎಳೆದರೆ ಮಾಲೆ ಬಿಗಿಯಾಗಿ ಅಷ್ಟೂ ತುದಿ ಕುತ್ತಿಗೆಗೆ ಒತ್ತುತ್ತವೆ.

ಅಮ್ಮ ತೀರ್ಥಹಳ್ಳಿ ಕಡೆಯವರು. ನೋಡಿದ ತಕ್ಷಣ ಅಂದರು, “ನಮ್ಮೂರಲ್ಲಿ ಚಿರತೆ ಕುತ್ತಿಗೆಗೆ ಬಾಯಿ ಹಾಕಬಾರದು ಅಂತ ನಾಯಿಗೆ ಮುಳ್ಳಿನ ಪಟ್ಟಿ ಕಟ್ತಿದ್ರು. ಮುಳ್ಳು ಹೊರಗಡೆ ಇರ್ತಿತ್ತು. ಇದೇನಪ್ಪಾ, ಒಳಗಡೆ?”

ಆಗಲೇ ನನಗೆ ಬುದ್ಧಿ ಬರಬೇಕಿತ್ತು.

“ಇದು ಮುಳ್ಳಲ್ಲ ಅಮ್ಮ. ತಾಯಿ ನಾಯಿ ಮರಿ ಕುತ್ತಿಗೆ ಹಿಡಿಯುತ್ತಲ್ಲ, ಹಾಗೆ ಅಷ್ಟೇ. ಜರ್ಮನ್ ಮಾಲು. ಜರ್ಮನ್ ಪೊಲೀಸ್ ನಾಯಿಗಳಿಗೆ ಇದನ್ನೇ ಹಾಕೋದು” ಅಂದ. ಆಮೇಲೆ ನನ್ನ ಕಡೆ ತಿರುಗಿ, “ಕೈ ಕೊಡಿ ಮೇಡಂ.”

ಕೊಟ್ಟೆ. ಮುಂಗೈಗೆ ಸುತ್ತಿ ನಿಧಾನವಾಗಿ ಎಳೆದ. ಒತ್ತಿದ ಹಾಗಾಯಿತು, ನೋವಾಗಲಿಲ್ಲ. “ನೋವಾಯ್ತಾ?” ಅಂದ. “ಇಲ್ಲ” ಅಂದೆ. ಅವನು ನಕ್ಕ, ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕಾಲರ್‌ಗೆ ಬೇರೆ 2,800 ಕೊಟ್ಟೆ.

ಐದು ನಿಮಿಷ ಬಿಟ್ಟು ಅದೇ ಕಾಲರ್ ಬೆಲ್ಲನ ಕುತ್ತಿಗೆಯಲ್ಲಿ. ಎದುರಿಗೆ ಒಂದು ನಾಯಿ ಬಂತು. ನನ್ನ ಕೈಗೆ ಮಾಡಿದ ಹಾಗೆ ನಿಧಾನವಾಗಿ ಎಳೆಯಲಿಲ್ಲ. ಜರ್ಕ್. ಬಾವಿಯಿಂದ ಕೊಡ ಜಗ್ಗಿದ ಹಾಗೆ. ಬೆಲ್ಲ ಒಂದೇ ಸಲ ಕುಂಯ್ ಅಂದ. ಎರಡನೇ ಜರ್ಕ್‌ಗೆ ಕುಂಯ್ ಕೂಡ ಅನ್ನಲಿಲ್ಲ, ಕಾಲ ಪಕ್ಕ ಬಂದು ತಲೆ ತಗ್ಗಿಸಿ ನಡೆದ. ಕಣ್ಣೆದುರೇ ಆಗಿದ್ದು. ನನ್ನ ಕೈಗೆ ಒಂದು ತರಹ, ನಾಯಿಗೆ ಇನ್ನೊಂದು ತರಹ. ನೋಡಿದೆ, ಹೊಳೆಯಲಿಲ್ಲ. ನಾನು ಆ ಹೊತ್ತಿಗೆ ಚಪ್ಪಾಳೆ ತಟ್ಟುತ್ತಿದ್ದೆ. ನಿಜವಾಗಲೂ ತಟ್ಟಿದೆ. ಅವನ ಹುಡುಗ ವಿಡಿಯೊ ಮಾಡಿಕೊಂಡ. ಅದೇ ವಿಡಿಯೊವನ್ನು ನಾನು “ಹತ್ತೇ ನಿಮಿಷದಲ್ಲಿ ಮ್ಯಾಜಿಕ್” ಅಂತ ಬರೆದು ಗ್ರೂಪಿಗೆ ಹಾಕಿದೆ.

“ಅಭ್ಯಾಸ ಆಗಲಿ, ಒಂದು ವಾರ ತೆಗೀಬೇಡಿ” ಅಂತ ಹೇಳಿ ಹೋದ. ಒಂಬತ್ತು ದಿನ ತೆಗೆಯಲಿಲ್ಲ ನಾನು.

ಬೆಲ್ಲ ಆ ದಿನಗಳಲ್ಲಿ ತುಂಬಾ ‘ಒಳ್ಳೆಯವನು’ ಆಗಿದ್ದ. ವಾಕಿಂಗ್‌ನಲ್ಲಿ ಬಿಸ್ಕೆಟ್ ಕೊಟ್ಟರೆ ತಿನ್ನುತ್ತಿರಲಿಲ್ಲ. ಸುಮ್ಸುಮ್ನೆ ತುಟಿ ನೆಕ್ಕಿಕೊಳ್ಳುತ್ತಿದ್ದ, ಆಕಳಿಸುತ್ತಿದ್ದ. “ನೋಡು, ಎಷ್ಟು ಶಾಂತ ಆಗಿದ್ದಾನೆ” ಅಂತ ಅಮ್ಮನಿಗೆ ನಾನೇ ಹೇಳಿದೆ. ಹೆದರಿಕೆಯ ಗುರುತುಗಳು ಅವು. ಒಂದು ಸಂಜೆ ಅಮ್ಮ ಬೀಗದ ಕೈ ಗೊಂಚಲನ್ನು ಟೇಬಲ್ ಮೇಲೆ ಇಟ್ಟರು, ಝಣ್ ಅಂತು. ಬೆಲ್ಲ ಓಡಿಹೋಗಿ ದಿವಾನದ ಕೆಳಗೆ ಸೇರಿಕೊಂಡ. ಅನ್ನ ಹಾಕಿದರೂ ಹೊರಗೆ ಬರಲಿಲ್ಲ. ಮಾರನೇ ದಿನ, ಮರಿಯಿಂದ ಜೊತೆಗೆ ಆಡಿದ ಪಕ್ಕದ ಬೀದಿಯ ಕಪ್ಪು ನಾಯಿಯ ಮೇಲೆ ಹಲ್ಲು ಕಿರಿದು ಎರಗಿದ. ತಡೆಯೋಕೆ ಹೋದ ನನ್ನ ಕೈಗೂ ಹಲ್ಲು ತಾಗಿತು.

ವೆಟ್ ಹತ್ತಿರ ಹೋದೆವು. ಕಾಲರ್ ಬಿಚ್ಚಿ ಕೂದಲು ಸರಿಸಿದರು. ಕಿವಿಯ ಹಿಂದಿನಿಂದ ಗಂಟಲವರೆಗೆ ಸಾಲಾಗಿ ಸಣ್ಣ ಸಣ್ಣ ಗಾಯ, ಕೆಲವು ಒಣಗಿ ಹಕ್ಕಳೆ ಕಟ್ಟಿದ್ದವು, ಎರಡರಲ್ಲಿ ಕೀವು. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಅವರು ಹೇಳಿದ್ದಿಷ್ಟು: ನಾಯಿ ಇನ್ನೊಂದು ನಾಯಿಯನ್ನು ನೋಡಿದಾಗೆಲ್ಲ ಕುತ್ತಿಗೆ ಚುಚ್ಚಿದರೆ, ಚುಚ್ಚಿದ್ದು ನಿಮ್ಮ ಕೈ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಎದುರಿಗಿದ್ದ ನಾಯಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಆ ರಾತ್ರಿ ಅಡುಗೆಮನೆಯಲ್ಲಿ ಕಾಲರನ್ನು ನನ್ನ ಮುಂಗೈಗೆ ಹಾಕಿಕೊಂಡೆ. ಈ ಸಲ ನಿಧಾನವಾಗಿ ಅಲ್ಲ, ಅವನು ಬೆಲ್ಲನಿಗೆ ಮಾಡಿದ ಹಾಗೆ ಜಗ್ಗಿದೆ. ಬಾಯಿಂದ ಸದ್ದು ಬಂತು. ಎಂಟು ಕೆಂಪು ಚುಕ್ಕಿ. ಬೆಳಗ್ಗೆ ಅದರಲ್ಲಿ ಎರಡು ನೀಲಿಯಾಗಿದ್ದವು.

ಗಾಯದ ಫೋಟೊ ಕಳಿಸಿದೆ. ಇನ್ನು ಅವನ ಉತ್ತರಗಳು ನೋಡಿ.

ಮೊದಲು, “ಫಿಟ್ಟಿಂಗ್ ನೀವು ಸರಿ ಮಾಡಿಲ್ಲ ಮೇಡಂ.” ಫಿಟ್ ಮಾಡಿದ್ದು ಅವನೇ! ಹಾಗಂದೆ. “ನಿಮ್ಮ ಎನರ್ಜಿ ವೀಕ್ ಇದೆ, ನಾಯಿಗೆ ಅದು ಗೊತ್ತಾಗುತ್ತೆ.” ವಾರವಿಡೀ ಹಾಕಿರೋಕೆ ಹೇಳಿದ್ದು ಯಾಕೆ ಅಂದೆ. “ಬೀದಿ ನಾಯಿ ರಕ್ತ ಮೇಡಂ, ಲ್ಯಾಬ್ರಡಾರ್ ಆಗಿದ್ರೆ ಇಷ್ಟೊತ್ತಿಗೆ ಕಲೀತಿತ್ತು.” ಉಳಿದ ದುಡ್ಡು ವಾಪಸ್ ಕೊಡಿ ಅಂದೆ. ಎರಡು ದಿನ ಸುಮ್ಮನಿದ್ದು ವಾಯ್ಸ್ ಮೆಸೇಜ್ ಕಳಿಸಿದ: “ರಿಫಂಡ್ ಇಲ್ಲ ಮೇಡಂ. ಬೇಕಿದ್ರೆ ಬ್ಯಾಲೆನ್ಸ್ ಅಮೌಂಟನ್ನ ಎಲೆಕ್ಟ್ರಿಕ್ ಕಾಲರ್‌ಗೆ ಅಡ್ಜಸ್ಟ್ ಮಾಡ್ಕೊಡ್ತೀನಿ.” ಕುತ್ತಿಗೆಯಲ್ಲಿ ಕೀವಿರುವ ನಾಯಿಗೆ ಕರೆಂಟ್ ಕಾಲರ್! ಅದನ್ನು ನಾಲ್ಕು ಸಲ ಕೇಳಿಸಿಕೊಂಡೆ, ತಮಾಷೆ ಮಾಡ್ತಿದ್ದಾನೇನೋ ಅಂತ. ತಮಾಷೆ ಅಲ್ಲ.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ಬಾಯಿ ತೆರೆದರೆ ಜರ್ಮನಿ ಅಂದನಲ್ಲ, ಅದೇ ಜರ್ಮನಿಯಲ್ಲಿ 2022ರ ಜನವರಿ 1ರಿಂದ ನಾಯಿ ತರಬೇತಿಗೆ ಮುಳ್ಳು ಕಾಲರ್ ಬಳಸೋ ಹಾಗೇ ಇಲ್ಲ. ಆ ನಿಯಮ ಬಂದಾಗ ಬರ್ಲಿನ್ ಪೊಲೀಸರೇ ಪೇಚಿಗೆ ಸಿಕ್ಕಿಕೊಂಡಿದ್ದರು. 2020ರಲ್ಲಿ ಪೋರ್ಚುಗಲ್‌ನವರ ಒಂದು ಅಧ್ಯಯನ ಬಂದಿದೆ. 92 ನಾಯಿಗಳ ಎಂಜಲಿನಲ್ಲಿ ಒತ್ತಡದ ಹಾರ್ಮೋನ್ ಎಷ್ಟಿದೆ ಅಂತ ಪರೀಕ್ಷೆ ಮಾಡಿ, ಜರ್ಕ್ ಮತ್ತು ಶಿಕ್ಷೆ ಇರುವ ತರಬೇತಿಯ ನಾಯಿಗಳಲ್ಲಿ ಒತ್ತಡ ಜಾಸ್ತಿ ಅಂತ ತೋರಿಸಿದ್ದಾರೆ. ಅವರೂ ಲೆಕ್ಕ ಹಾಕಿದ್ದು ಇದನ್ನೇ: ಆಕಳಿಸೋದು, ತುಟಿ ನೆಕ್ಕೋದು. ನಾನು ಅದನ್ನೇ ಶಾಂತಿ ಅಂದುಕೊಂಡಿದ್ದೆ.

ಸರಿಯಾಗಿ ಬಳಸಿದರೆ ಏನೂ ಆಗಲ್ಲ, ದೊಡ್ಡ ನಾಯಿ ಹಿಡಿಯೋಕೆ ಆಗದವರಿಗೆ ಇದೇ ಗತಿ, ಇಲ್ಲದಿದ್ದರೆ ನಾಯಿಯನ್ನೇ ಬಿಟ್ಟುಬಿಡ್ತಾರೆ ಅಂತ ವಾದಿಸುವವರಿದ್ದಾರೆ. ಗೊತ್ತು. ಆದರೆ ಆ ಪರ ಮಾತಾಡುವ ಟ್ರೈನರ್‌ಗಳೇ ಇದನ್ನು ಇಡೀ ದಿನ ಹಾಕಿಡಬೇಡಿ ಅನ್ನುತ್ತಾರೆ. ನಮ್ಮ ಆಸಾಮಿಗೆ ಅದೂ ಗೊತ್ತಿರಲಿಲ್ಲ, ಅಥವಾ ಬೇಕಿರಲಿಲ್ಲ. ಸರಿಯಾಗಿ ಬಳಸಿದರೂ ನಾನು ಇನ್ನು ಅದನ್ನು ಮುಟ್ಟಲ್ಲ, ಬಿಡಿ.

ದೂರು ಕೊಡೋಣ ಅಂತಲೂ ವಿಚಾರಿಸಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಐವತ್ತು! ನಮ್ಮ ಏರಿಯಾದಲ್ಲಿ ಮಸಾಲೆ ದೋಸೆಗೂ ಸಾಲಲ್ಲ.

ಹಾಗಾಗಿ ದುಡ್ಡು ಪೂರ್ತಿ ಮೊದಲೇ ಕೊಡಬೇಡಿ. ನಾಯಿ ತಪ್ಪು ಮಾಡಿದಾಗ ಏನು ಮಾಡ್ತೀರಿ ಅಂತ ಮೊದಲ ದಿನವೇ ಕೇಳಿ, ಬ್ಯಾಗ್ ಬಿಚ್ಚಿ ತೋರಿಸಿ ಅನ್ನಿ. ಕೈಗೆ ಹಾಕಿ ತೋರಿಸಿದರೆ, ನಾಯಿಗೆ ಎಳೆಯುವಷ್ಟೇ ಜೋರಾಗಿ ಎಳೀರಿ ಅನ್ನಿ. ಮುಖ ನೋಡಿ ಆಗ.

ಆ ಎರಡು ಮನೆಯವರ ಹತ್ತಿರ ಹೋಗಿ ಗಾಯದ ಫೋಟೊ ತೋರಿಸಿ ಕ್ಷಮೆ ಕೇಳಿದೆ. ಒಬ್ಬರು ತಕ್ಷಣ ನಿಲ್ಲಿಸಿದರು. ಇನ್ನೊಬ್ಬರು “ನಮ್ಮ ನಾಯಿ ಚೆನ್ನಾಗೇ ಇದೆಯಲ್ಲ” ಅಂದರು. ಏನು ಹೇಳಲಿ, ನಾನೂ ಹಾಗೇ ಅಂದವಳು. ಬೆಲ್ಲನಿಗೆ ಈಗ ಎದೆಯ ಹತ್ತಿರ ಕೊಕ್ಕೆ ಇರುವ ಹಾರ್ನೆಸ್ (ಕುತ್ತಿಗೆಗಲ್ಲ, ಮೈಗೆ ಹಾಕುವ ಪಟ್ಟಿ). ಅಮ್ಮ ಕೈಯಲ್ಲೇ ಮೊಸರನ್ನ ತಿನ್ನಿಸುತ್ತಾರೆ. ಕುತ್ತಿಗೆ ಹತ್ತಿರ ಕೈ ಹೋದರೆ ಮಾತ್ರ ಈಗಲೂ ಸರಿದುಕೊಳ್ಳುತ್ತಾನೆ.

ಆ ವಿಡಿಯೊ ತೆಗೆಯಿರಿ ಅಂತ ಮೂರು ಸಲ ಕೇಳಿದೆ. “ಶೂಟ್ ಮಾಡಿದ್ದು ನಾವು ಮೇಡಂ” ಅಂದ. ಇನ್ನೂ ಅವನ ಸ್ಟೇಟಸ್‌ನಲ್ಲಿ ಓಡುತ್ತಿದೆಯಂತೆ. ಯಾರಾದರೂ ನಿಮಗೂ ತೋರಿಸಬಹುದು. ಬೆಲ್ಲದ ಬಣ್ಣದ ನಾಯಿಯೊಂದು ತಲೆ ತಗ್ಗಿಸಿ ನಡೆದು ಬರುತ್ತದೆ. ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿರುವವಳು ನಾನು.