ಹುಬ್ಬಳ್ಳಿಯಲ್ಲಿ ಪ್ರಾಸ್ಟೇಟ್ ಬಯಾಪ್ಸಿ: ಎಂಆರ್‌ಐ ಮೊದಲು, ಸೂಜಿ ಆಮೇಲೆ

ಬ್ಯಾಡಗಿಯಲ್ಲಿರುವ ನಮ್ಮ ಕಾಕಾ ಅವರಿಗೆ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಪ್ರೋಟೀನು; ಅದು ಏರಿದರೆ ಕ್ಯಾನ್ಸರ್ ಸಂಶಯ ಬರುತ್ತದೆ) ಹೆಚ್ಚು ಬಂದಿದ್ದರಿಂದ ಹುಬ್ಬಳ್ಳಿಯ ವಿದ್ಯಾನಗರದ ಒಂದು ಖಾಸಗಿ ಮೂತ್ರರೋಗ ಆಸ್ಪತ್ರೆಯಲ್ಲಿ ಪ್ರಾಸ್ಟೇಟ್ ಬಯಾಪ್ಸಿ ಮಾಡಿಸಿದೆವು; ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಆ ಗ್ರಂಥಿಯಿಂದ ಸೂಜಿಯಲ್ಲಿ ತುಣುಕು ತೆಗೆದು ಪರೀಕ್ಷೆಗೆ ಕೊಟ್ಟೆವು. ಇಂಥ ಸೇವೆಯನ್ನು ಅಳೆಯಬೇಕಾದದ್ದು ಕೊಠಡಿಯ ಅಂದದಿಂದಲ್ಲ, ಬಯಾಪ್ಸಿಯನ್ನು ಯಾವ ಕ್ರಮದಲ್ಲಿ, ಯಾವ ದಾರಿಯಿಂದ ಮಾಡುತ್ತಾರೆ ಎಂಬುದರಿಂದ. ಆ ವಿಷಯದಲ್ಲಿ ನನಗೆ ಸಮಾಧಾನವಿದೆ.

ರಕ್ತದ ವರದಿ ನೋಡಿದ ಕೂಡಲೇ ಅವರು ಸೂಜಿಯ ಮಾತೆತ್ತಲಿಲ್ಲ. ವಯಸ್ಸಾದಂತೆ ಗ್ರಂಥಿ ಹಿಗ್ಗಿದರೂ, ಮೂತ್ರದ ಸೋಂಕಿದ್ದರೂ ಪಿಎಸ್‌ಎ ಏರುವುದರಿಂದ, ಮೊದಲು ಮೂತ್ರ ಪರೀಕ್ಷೆ, ಮತ್ತೊಮ್ಮೆ ಪಿಎಸ್‌ಎ, ಅನಂತರ ಎಂಆರ್‌ಐ ಮಾಡಿಸಿದರು. ಈ ಕ್ರಮಕ್ಕೆ ಗಟ್ಟಿ ಆಧಾರವಿದೆ. 500 ಪುರುಷರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಪ್ರಿಸಿಷನ್’ ಅಧ್ಯಯನದಲ್ಲಿ, ಎಂಆರ್‌ಐ ನೋಡಿ ಸಂಶಯದ ಜಾಗಕ್ಕೇ ಗುರಿಯಿಟ್ಟಾಗ ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಶೇ. 38 ಜನರಲ್ಲಿ ಪತ್ತೆಯಾಯಿತು; ಹಳೆಯ ರೀತಿಯಲ್ಲಿ ಗ್ರಂಥಿಯ ಎಲ್ಲ ಕಡೆಯಿಂದ ಅಂದಾಜಿನ ಮೇಲೆ ತುಣುಕು ತೆಗೆದಾಗ ಪತ್ತೆಯಾದದ್ದು ಶೇ. 26 ಜನರಲ್ಲಿ. ಅಷ್ಟೇ ಮುಖ್ಯವಾಗಿ, ಬಹುಶಃ ಎಂದೂ ತೊಂದರೆ ಕೊಡದ ಸಣ್ಣ ಕ್ಯಾನ್ಸರ್ ಸಿಕ್ಕಿ ರೋಗಿ ವೃಥಾ ಗಾಬರಿಯಾಗುವ ಪ್ರಮಾಣ ಶೇ. 22ರಿಂದ 9ಕ್ಕೆ ಇಳಿಯಿತು. ಎಂಆರ್‌ಐ ಖರ್ಚು ಕಡಿಮೆಯದಲ್ಲ, ಆದರೂ ಈ ಖರ್ಚನ್ನು ಉಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ದಾರಿಯ ವಿಷಯ. ಗುದದ್ವಾರದ ಒಳಗಿನಿಂದ ಸೂಜಿ ಹಾಕುವುದು ಬಹುಕಾಲದಿಂದ ರೂಢಿಯಲ್ಲಿರುವ ವಿಧಾನ. ಅದರಲ್ಲಿ ಸೂಜಿಯು ಕರುಳಿನ ಗೋಡೆಯನ್ನು ದಾಟಿಯೇ ಹೋಗಬೇಕಾದ್ದರಿಂದ ಅಲ್ಲಿಯ ಬ್ಯಾಕ್ಟೀರಿಯಾ ಗ್ರಂಥಿಗೆ, ರಕ್ತಕ್ಕೆ ಸೇರುವ ಅಪಾಯವಿದೆ. ನಮ್ಮ ದೇಶದಲ್ಲಿ ಅನೇಕ ಆ್ಯಂಟಿಬಯಾಟಿಕ್‌ಗಳಿಗೆ ಬ್ಯಾಕ್ಟೀರಿಯಾ ಜಗ್ಗದಿರುವುದರಿಂದ ಈ ಅಪಾಯವನ್ನು ಹಗುರವಾಗಿ ಕಾಣುವಂತಿಲ್ಲ. ನಾವು ಹೋದಲ್ಲಿ ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ, ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಿದರು. ಇದರಲ್ಲಿ ಸೋಂಕು ಕಡಿಮೆ. ಆದರೆ ಸಮಯ ಹೆಚ್ಚು, ಆ ಹೊತ್ತಿನ ನೋವೂ ತುಸು ಹೆಚ್ಚು ಎಂಬುದನ್ನು ವೈದ್ಯರು ಮುಚ್ಚಿಡಲಿಲ್ಲ. ರಾತ್ರಿ ಚಳಿಜ್ವರ ಬಂದರೆ ಬ್ಯಾಡಗಿಯಿಂದ ಹುಬ್ಬಳ್ಳಿಗೆ ಓಡಿಬರಬೇಕಾದ ಮನೆಯವರಿಗೆ ಆ ನೋವಿಗಿಂತ ಸೋಂಕಿನ ಲೆಕ್ಕವೇ ದೊಡ್ಡದು.

“ಸೂಜಿ ಚುಚ್ಚಿದ್ರ ಗಂಟು ಮೈತುಂಬ ಹರಡತೈತಂತಲ್ರೀ ಡಾಕ್ಟ್ರ?” ಎಂದು ಕಾಕಾ ಕೇಳಿದರು. ನಮ್ಮ ಕಡೆ ಎಷ್ಟೋ ಹಿರಿಯರು ಬಯಾಪ್ಸಿ ಬೇಡವೆನ್ನುವುದು ಈ ಭಯದಿಂದಲೇ. ವೈದ್ಯರು ನಗಲಿಲ್ಲ, ಗದರಲಿಲ್ಲ. ಹಾಗಾಗುವುದು ತೀರ ಅಪರೂಪವೆಂದೂ, ತುಣುಕು ನೋಡದೆ ಕ್ಯಾನ್ಸರ್ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಉಗ್ರವೋ ತಿಳಿಯದೆಂದೂ ಕೂತು ಹೇಳಿದರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆಯೇ ಎಂದು ವೈದ್ಯರು, ನರ್ಸ್ ಇಬ್ಬರೂ ಬೇರೆ ಬೇರೆಯಾಗಿ ವಿಚಾರಿಸಿದರು. ತುಣುಕು ಹಾಕಿದ ಒಂದೊಂದು ಬಾಟಲಿಯ ಮೇಲೂ ಅದು ಗ್ರಂಥಿಯ ಎಡಭಾಗದ್ದೋ ಬಲಭಾಗದ್ದೋ ಎಂದು ಬರೆದು, ಹೆಸರನ್ನು ಕಾಕಾ ಅವರ ಬಾಯಿಂದಲೇ ಹೇಳಿಸಿ ತಾಳೆ ನೋಡಿದರು.

ಕೊರತೆಯೊಂದಿದೆ, ಅದು ಸಣ್ಣದಲ್ಲ. ಒಪ್ಪಿಗೆ ಪತ್ರ, ಡಿಸ್ಚಾರ್ಜ್ ಕಾರ್ಡು ಎರಡೂ ಪೂರ್ತಿ ಇಂಗ್ಲಿಷಿನಲ್ಲಿದ್ದವು. ಕೆಲವು ದಿನ ಮೂತ್ರದಲ್ಲಿ, ಇನ್ನೂ ಹೆಚ್ಚು ಕಾಲ ವೀರ್ಯದಲ್ಲಿ ರಕ್ತದ ಬಣ್ಣ ಕಾಣುವುದು ಸಹಜ. ಆದರೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತ ಗಡ್ಡೆಗಡ್ಡೆಯಾಗಿ ಹೋದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕು. ಕಾರ್ಡಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿದ್ದ ಈ ಮಾತುಗಳನ್ನು ನಾನೇ ಕನ್ನಡದಲ್ಲಿ ಬರೆದು ಕಾಕೂ ಅವರ ಕೈಗೆ ಕೊಡಬೇಕಾಯಿತು. ಗದಗ, ಹಾವೇರಿಯ ಹಳ್ಳಿಗಳಿಂದ ರೋಗಿಗಳು ಬರುವ ಆಸ್ಪತ್ರೆಯು ಈ ಸೂಚನೆಗಳನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ರಾತ್ರಿ ಕರೆ ಮಾಡಬೇಕಾದ ಫೋನ್ ನಂಬರಿನೊಂದಿಗೆ ಕಾರ್ಡಿನ ಮೊದಲ ಸಾಲಿನಲ್ಲೇ ಅಚ್ಚುಮಾಡಿಸಬೇಕು ಎಂದು ಅಲ್ಲಿಯ ಆಡಳಿತಕ್ಕೆ ಲಿಖಿತವಾಗಿ ಕೇಳಿಕೊಂಡಿದ್ದೇನೆ.